ಹಗೇವಿನ ಲೆಕ್ಕ, ಸ್ವಾಪಿನ ಲೆಕ್ಕ

ನಮ್ಮೂರು ಬೆಳ್ಳಟ್ಟಿ. ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ. ಗದಗ ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ, ನಾನು ಹುಟ್ಟಿದ್ದೂ ಅದೇ ವರ್ಷ. ಹಾಗಾಗಿ ನಾನೂ ನನ್ನ ಜಿಲ್ಲೆಯೂ ಒಂದೇ ವಯಸ್ಸಿನವರು, ಇಬ್ಬರೂ ಇನ್ನೂ ಅಷ್ಟೇನೂ ಉದ್ಧಾರವಾಗಿಲ್ಲ :-)

2019ರಲ್ಲಿ ಬಿ.ಇ. ಮುಗಿಯಿತು. ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿತ್ತು. ಆದರೆ ಕಂಪನಿಯವರು ಸೇರುವ ದಿನ ಮುಂದೆ ಹಾಕಿದರು, ಮತ್ತೆ ಮುಂದೆ ಹಾಕಿದರು, ಅಷ್ಟರಲ್ಲಿ 2020ರ ಮಾರ್ಚ್ ಬಂತು. ಆಮೇಲಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿನ ರೂಮು ಖಾಲಿ ಮಾಡಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿ ಊರಿಗೆ ಬಂದೆ. ಕೆಲಸ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಊರವರು ಕೇಳಿದರೆ "ವರ್ಕ್ ಫ್ರಮ್ ಹೋಮ್" ಅನ್ನುತ್ತಿದ್ದೆ. ಮಾಡುತ್ತಿದ್ದುದು ಮಾತ್ರ ಬೇರೆ. ಹಿತ್ತಲ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಪಿಂಟೋಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್‌ಗೆ ಸ್ವಾಪ್ ಬರೆಯುತ್ತಿದ್ದೆ. ಅಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ಹಿಡಿಯಲು ಹನ್ನೊಂದು ದಿನ ಬೇಕಾಯಿತು. ಆ ತಪ್ಪಿನ ಬೆನ್ನು ಹತ್ತಿ ಹೋದಾಗ ಗೊತ್ತಾಗಿದ್ದು, ಇದು ನನ್ನೊಬ್ಬನ ತಪ್ಪಲ್ಲ, ಅರವತ್ತು ವರ್ಷದಿಂದ ದೊಡ್ಡ ದೊಡ್ಡವರೆಲ್ಲ ಬೇರೆ ಬೇರೆ ವೇಷದಲ್ಲಿ ಮಾಡಿಕೊಂಡು ಬಂದ ತಪ್ಪು ಅಂತ. ಇವತ್ತು ಬರೆಯಬೇಕೆಂದಿರುವುದು ಅದರ ಚರಿತ್ರೆ.

ಕಂಪ್ಯೂಟರಿನ ಗಂಧವಿಲ್ಲದವರೂ ಓದಲಿ ಅಂತ ಮೊದಲು ಸ್ವಾಪ್ ಅಂದರೇನು ಹೇಳಿಬಿಡುತ್ತೇನೆ. ಅದಕ್ಕೆ ಹಗೇವಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಹಳೇ ಮನೆಗಳಲ್ಲಿ ಜೋಳ ಇಡುವುದಕ್ಕೆ ಎರಡು ಜಾಗ. ಅಡುಗೆಮನೆ ಪಕ್ಕದಲ್ಲಿ ಕಣಜವೋ ಚೀಲವೋ ಇರುತ್ತದೆ. ಕೈ ಹಾಕಿದರೆ ಜೋಳ. ಆದರೆ ಜಾಗ ಕಡಿಮೆ. ಸುಗ್ಗಿಯಲ್ಲಿ ಬಂದದ್ದೆಲ್ಲ ಅಲ್ಲಿ ಹಿಡಿಸುವುದಿಲ್ಲ. ಉಳಿದದ್ದು ಹಗೇವಿಗೆ. ಹಗೇವು ಅಂದರೆ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆಲ್ಲ ಒಣ ಹುಲ್ಲು ಹಚ್ಚಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಾರೆ. ಹಿಡಿಸುವುದು ಬಹಳ, ಆದರೆ ತೆಗೆಯುವುದು ತಡ. ಕಲ್ಲು ಸರಿಸಬೇಕು, ಕೆಟ್ಟ ಗಾಳಿ ಹೋಗಲು ಬಿಡಬೇಕು, ದೀಪ ಇಳಿಸಿ ಅದು ಆರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಮನುಷ್ಯ ಇಳಿಯಬೇಕು. ಗಡಿಬಿಡಿ ಮಾಡಿ ಇಳಿದು ಜೀವ ಕಳಕೊಂಡವರ ಕಥೆ ನಮ್ಮ ಕಡೆ ಊರೂರಲ್ಲಿ ಇವೆ.

ರ್‍ಯಾಮ್ ಅಂದರೆ ಕಣಜ. ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್ ಜಾಗ ಅಂದರೆ ಹಗೇವು. ರ್‍ಯಾಮ್ ತುಂಬಿದಾಗ, ಸದ್ಯಕ್ಕೆ ಬೇಡದ ಪುಟಗಳನ್ನು ಕರ್ನಲ್ ಸ್ವಾಪಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಒಂದು ಪುಟ ಸಾಮಾನ್ಯವಾಗಿ 4096 ಬೈಟು. ಸ್ವಾಪಿನಲ್ಲಿ ಅಂಥ ಒಂದೊಂದು ಪುಟ ಹಿಡಿಸುವ ಗುಂಡಿಗೆ ಸ್ಲಾಟ್ ಅನ್ನುತ್ತಾರೆ. ಈಗ ಮುಖ್ಯ ಪ್ರಶ್ನೆ: ಯಾವ ಗುಂಡಿ ಖಾಲಿ, ಯಾವುದು ತುಂಬಿದೆ, ಅದು ಯಾರದ್ದು ಅನ್ನುವ ಲೆಕ್ಕ ಇಡುವವರು ಯಾರು? ಆ ಲೆಕ್ಕವೇ ಸ್ವಾಪ್ ಹಂಚಿಕೆ.

ಈ ಲೆಕ್ಕದಲ್ಲಿ ತಪ್ಪಾಗುವುದು ಎರಡೇ ರೀತಿ. ಒಂದು, ತುಂಬಿದ್ದನ್ನು ಖಾಲಿ ಅಂತ ಬರೆಯುವುದು. ಆಗ ಒಬ್ಬರ ಜೋಳದ ಮೇಲೆ ಇನ್ನೊಬ್ಬರ ಜೋಳ ಬೀಳುತ್ತದೆ. ಇನ್ನೊಂದು, ಖಾಲಿಯಾದದ್ದನ್ನು ತುಂಬಿದೆ ಅಂತಲೇ ಬಿಡುವುದು. ಆಗ ಗುಂಡಿಗಳು ಬರಿದಾಗಿ ಬಿದ್ದಿದ್ದರೂ ಜಾಗವಿಲ್ಲ ಅಂತ ಮನೆಯವರು ಒದ್ದಾಡುತ್ತಾರೆ. ಮೊದಲನೆಯದು ಕೇಡು, ಎರಡನೆಯದು ನಷ್ಟ. ಈ ಎರಡನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಸುಲಭ.

ಮೊದಲ ಹಗೇವು

ಒಂದು ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಕಣಜದಿಂದ ಹಗೇವಿಗೆ, ಹಗೇವಿನಿಂದ ಕಣಜಕ್ಕೆ ಸಾಗಿಸುವುದನ್ನು ಮೊದಲು ಮಾಡಿ ತೋರಿಸಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್. ಟಾಮ್ ಕಿಲ್ಬರ್ನ್ ಅವರ ತಂಡದ್ದು. ಅದು ಅಧಿಕೃತವಾಗಿ ಶುರುವಾದದ್ದು 1962ರ ಡಿಸೆಂಬರ್ 7ರಂದು. ಅದರ ಕೋರ್ ಮೆಮೊರಿ 16,384 ಪದಗಳಷ್ಟು, ಡ್ರಮ್ಮು 98,304 ಪದಗಳಷ್ಟು. ಒಂದು ಪುಟಕ್ಕೆ 512 ಪದ. ಪ್ರೋಗ್ರಾಮ್ ಬರೆಯುವವನಿಗೆ ಮಾತ್ರ ಎಲ್ಲ ಒಂದೇ ದೊಡ್ಡ ಕಣಜದ ಹಾಗೆ ಕಾಣುತ್ತಿತ್ತು. ಅದಕ್ಕೇ ಅವರು ಇದನ್ನು ಒಂದೇ ಹಂತದ ಸಂಗ್ರಹ ಅಂತ ಕರೆದರು. ಅದಕ್ಕೂ ಮೊದಲು ಯಾವ ತುಂಡು ಯಾವಾಗ ಒಳಗಿರಬೇಕು ಅನ್ನುವುದನ್ನು ಪ್ರೋಗ್ರಾಮ್ ಬರೆಯುವವನೇ ಕೂತು ಲೆಕ್ಕ ಹಾಕಬೇಕಿತ್ತು. ಆ ಲೆಕ್ಕ ಅಟ್ಲಾಸ್‌ನಿಂದ ಯಂತ್ರದ ತಲೆಗೆ ಬಂತು. ಲೆಕ್ಕದ ಜೊತೆಗೆ ಲೆಕ್ಕದ ತಪ್ಪೂ ಬಂತು.

ಸೊನ್ನೆ ಆಗಬಾರದು

ನನಗೆ ಬಹಳ ಖುಷಿ ಕೊಟ್ಟದ್ದು 1975ರ ಯುನಿಕ್ಸ್ ಆರನೇ ಆವೃತ್ತಿ. ಇಡೀ ಕರ್ನಲ್ ಸುಮಾರು ಒಂಬತ್ತು ಸಾವಿರ ಸಾಲು. ಜಾನ್ ಲಯನ್ಸ್ ಎಂಬ ಆಸ್ಟ್ರೇಲಿಯಾದ ಮೇಷ್ಟ್ರು ಅದಕ್ಕೆ ಸಾಲುಸಾಲಾಗಿ ವಿವರಣೆ ಬರೆದರು. ಅದು ಬಹಳ ವರ್ಷ ಕದ್ದುಮುಚ್ಚಿ ಜೆರಾಕ್ಸ್ ಪ್ರತಿಯಾಗಿಯೇ ಓಡಾಡಿ, ರಾಜಾರೋಷವಾಗಿ ಅಚ್ಚಾಗಿದ್ದು 1996ರಲ್ಲಿ.

ಈ ಯುನಿಕ್ಸ್‌ನಲ್ಲಿ ಪುಟ ಪುಟವಾಗಿ ಸಾಗಿಸುವುದಿಲ್ಲ. ಇಡೀ ಪ್ರೊಸೆಸ್ಸನ್ನೇ ಗಂಟು ಕಟ್ಟಿ ಡಿಸ್ಕಿಗೆ ಎಸೆಯುತ್ತದೆ. ಅದರ ಆರ್‌ಕೆ05 ಡಿಸ್ಕಿನಲ್ಲಿ ಒಟ್ಟು 4872 ಬ್ಲಾಕು. ಮೊದಲ 4000 ಫೈಲುಗಳಿಗೆ, ಕೊನೆಯ 872 ಸ್ವಾಪಿಗೆ. ಒಂದು ಬ್ಲಾಕು 512 ಬೈಟು ಅಂದರೆ ಇಡೀ ಸ್ವಾಪು 436 ಕಿಲೋಬೈಟು. ಇವತ್ತು ಮೊಬೈಲಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಅದರಲ್ಲಿ ಹಿಡಿಸಿದರೆ ಪುಣ್ಯ!

ಸ್ವಾಪಿನ ಆರಂಭದ ಜಾಗ ಹೇಳುವ ಆ ಸಾಲಿನ ಪಕ್ಕ ಒಂದು ಟಿಪ್ಪಣಿ ಇದೆ, ಇದು ಸೊನ್ನೆ ಆಗಬಾರದು ಎಂಬರ್ಥದ್ದು. ಯಾಕೆ? ಖಾಲಿ ಜಾಗ ಹುಡುಕಿ ಕೊಡುವ ಫಂಕ್ಷನ್ನು ಜಾಗ ಸಿಗದಿದ್ದರೆ ಸೊನ್ನೆ ಕೊಡುತ್ತದೆ. ಸೊನ್ನೆಯೇ ಒಂದು ನಿಜವಾದ ವಿಳಾಸವೂ ಆಗಿಬಿಟ್ಟರೆ "ಇಗೋ ಸೊನ್ನೆಯಲ್ಲಿ ಜಾಗ ಇದೆ" ಅನ್ನುವುದಕ್ಕೂ "ಜಾಗ ಇಲ್ಲ" ಅನ್ನುವುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಎಷ್ಟು ಸಣ್ಣ ವಿಷಯ, ಎಷ್ಟು ದೊಡ್ಡ ಹೊಂಡ! ಅಷ್ಟಕ್ಕೂ ಜಾಗ ಸಿಗದಿದ್ದರೆ ಆ ಯುನಿಕ್ಸ್ ಏನು ಮಾಡುತ್ತಿತ್ತು ಗೊತ್ತೆ? ಸ್ವಾಪ್ ಜಾಗ ಮುಗಿಯಿತು ಅಂತ ಕೂಗಿ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. ಹಗೇವು ತುಂಬಿತು, ಮನೆಗೆ ಬೀಗ!

ಯುನಿಕ್ಸ್ ಬಲ್ಲವರಿಗೆಲ್ಲ ಆ ಕರ್ನಲ್ಲಿನ ಇನ್ನೊಂದು ಟಿಪ್ಪಣಿ ಗೊತ್ತು. ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆ ನಮಗಿಲ್ಲ ಎಂಬರ್ಥದ್ದು. ಟೀ ಶರ್ಟುಗಳ ಮೇಲೆಲ್ಲ ಬಂತು. ಆದರೆ ಅದು ಯಾವ ಸಾಲಿನ ಪಕ್ಕ ಇದೆ ಅಂತ ಬಹಳ ಜನ ನೋಡಿರಲಿಕ್ಕಿಲ್ಲ. ಅದೂ ಸ್ವಾಪಿನದ್ದೇ. ಸ್ವಾಪಿಗೆ ಹೋಗಿ ಮರಳಿ ಬಂದ ಪ್ರೊಸೆಸ್ಸು ಎಲ್ಲಿಂದ ಮುಂದುವರಿಯಬೇಕು ಅನ್ನುವ ಜಾಗ. ಡೆನಿಸ್ ರಿಚೀ ಆಮೇಲೆ ಪ್ರಾಮಾಣಿಕವಾಗಿ ಹೇಳಿಕೊಂಡರು, ನಿಜವಾದ ತೊಂದರೆ ಏನೆಂದರೆ ಅದು ನಮಗೂ ಅರ್ಥವಾಗಿರಲಿಲ್ಲ ಅಂತ. ಯುನಿಕ್ಸ್ ಬರೆದವರೇ ಹೀಗೆಂದ ಮೇಲೆ ಬೆಳ್ಳಟ್ಟಿ ಹುಡುಗನ ಎದೆ ಸ್ವಲ್ಪ ಹಗುರಾಯಿತು.

128 ಎಂಬಿ ಎಲ್ಲಿಂದ ಬಂತು

ಲಿನಸ್ ಟೋರ್ವಾಲ್ಡ್ಸ್ ತನ್ನ ಲಿನಕ್ಸ್‌ಗೆ ಸ್ವಾಪ್ ಬರೆದದ್ದು 1991ರ ಕ್ರಿಸ್‌ಮಸ್ ಸಮಯದಲ್ಲಿ. 1992ರ ಜನವರಿಯ 0.12 ಆವೃತ್ತಿಯಲ್ಲಿ ಅದು ಹೊರಬಂತು. ಆಗಿನ ಮಿನಿಕ್ಸ್‌ನಲ್ಲಿ ಈ ಸೌಲಭ್ಯ ಇರಲಿಲ್ಲ. ಸಣ್ಣ ಮೆಮೊರಿಯ ಯಂತ್ರ ಇಟ್ಟುಕೊಂಡಿದ್ದ ಬಡ ವಿದ್ಯಾರ್ಥಿಗಳು ಲಿನಕ್ಸ್ ಕಡೆ ತಿರುಗಲು ಅದೂ ಒಂದು ಕಾರಣ.

ಆಗಿನ ಲೆಕ್ಕದ ಪುಸ್ತಕ ಬಹಳ ಸರಳ. ಸ್ವಾಪಿನ ಮೊದಲ ಪುಟವೇ ಪುಸ್ತಕ. ಅದರ ಒಂದೊಂದು ಬಿಟ್ಟು ಒಂದೊಂದು ಗುಂಡಿಗೆ. ಬಿಟ್ 1 ಇದ್ದರೆ ಖಾಲಿ, 0 ಇದ್ದರೆ ಇಲ್ಲ. ಪುಟದ ಕೊನೆಯ 10 ಬೈಟುಗಳಲ್ಲಿ ಇದು ಸ್ವಾಪ್ ಜಾಗ ಅನ್ನುವ ಗುರುತು. ಈಗ ಲೆಕ್ಕ ಹಾಕಿ: 4096ರಲ್ಲಿ 10 ಕಳೆದರೆ 4086 ಬೈಟು, ಗುಣಿಸು 8 ಅಂದರೆ 32,688 ಬಿಟ್ಟು. ಒಂದೊಂದಕ್ಕೂ 4096 ಬೈಟು. ಒಟ್ಟು 13,38,90,048 ಬೈಟು, ಹೆಚ್ಚೂ ಕಡಿಮೆ 128 ಎಂಬಿ. ಲಿನಕ್ಸ್‌ನಲ್ಲಿ ಒಂದು ಸ್ವಾಪ್ ಪಾರ್ಟಿಶನ್ 128 ಎಂಬಿಗಿಂತ ದೊಡ್ಡದಿರಬಾರದು ಅಂತ ಹಳೇ ಪುಸ್ತಕಗಳಲ್ಲಿ ಇರುವುದು ಇದಕ್ಕೇ. ದೊಡ್ಡ ಡಿಸ್ಕುಗಳು ಬಂದ ಮೇಲೂ, 1998ರಲ್ಲಿ ಹೊಸ ಮಾದರಿಯ ಸ್ವಾಪ್ ಬರುವವರೆಗೆ, ಆ ಒಂದು ಪುಟದ ಪುಸ್ತಕವೇ ಎಲ್ಲರ ಕೈ ಕಟ್ಟಿತ್ತು. ಮೊದಲ ಪುಟ ಪುಸ್ತಕಕ್ಕೇ ಹೋದದ್ದರಿಂದ ಇಲ್ಲೂ ಸೊನ್ನೆ ನಂಬರಿನ ಗುಂಡಿ ಯಾರಿಗೂ ಇಲ್ಲ. ಯುನಿಕ್ಸ್‌ನ ಸೊನ್ನೆ ಇಲ್ಲಿಗೂ ಬಂತು ನೋಡಿ.

ರ್‍ಯಾಮಿನ ಎರಡು ಪಟ್ಟು!

"ಸ್ವಾಪ್ ಎಷ್ಟಿಡಬೇಕು?" "ರ್‍ಯಾಮಿನ ಎರಡು ಪಟ್ಟು." ಈ ಪ್ರಶ್ನೋತ್ತರ ನಮ್ಮ ಕಾಲೇಜಿನ ವೈವಾದಲ್ಲಿ 2018ರಲ್ಲೂ ಇತ್ತು. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಹಿರಿಯರು ಹೇಳಿದ್ದಾರೆ ಅಷ್ಟೆ.

ಈ ಮಾತಿನ ಬೇರು ಹಳೇ ಬಿಎಸ್‌ಡಿ ಯುನಿಕ್ಸ್‌ನಲ್ಲೂ ಇದೆ. ಅಲ್ಲಿ ಪ್ರತಿ ಪುಟಕ್ಕೂ ಮೊದಲೇ ಹಗೇವಿನಲ್ಲಿ ಜಾಗ ಕಾಯ್ದಿರಿಸುತ್ತಿದ್ದರು. ಆದರೆ ಲಿನಕ್ಸ್‌ನಲ್ಲಿ ಅದಕ್ಕೆ ಬಲ ಬಂದದ್ದು 2001ರ ಜನವರಿ 4ರಂದು ಬಿಡುಗಡೆಯಾದ 2.4.0ದಿಂದ. ಅದರಲ್ಲಿ ಸ್ವಾಪಿನಿಂದ ರ್‍ಯಾಮಿಗೆ ತಂದ ಪುಟದ ಗುಂಡಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಉದ್ದೇಶ ಕೆಟ್ಟದ್ದಲ್ಲ. ಆ ಪುಟ ಬದಲಾಗದಿದ್ದರೆ ಮುಂದಿನ ಸಲ ಮತ್ತೆ ಬರೆಯುವ ಶ್ರಮ ಉಳಿಯುತ್ತದಲ್ಲ? ಜೋಳ ಮನೆಗೆ ತಂದ ಮೇಲೂ ಗುಂಡಿ ನಮ್ಮದೇ ಹೆಸರಲ್ಲಿರಲಿ ಅಂದ ಹಾಗೆ.

ಪರಿಣಾಮ ಏನಾಯಿತು ನೋಡಿ. 128 ಎಂಬಿ ರ್‍ಯಾಮು, 128 ಎಂಬಿ ಸ್ವಾಪು ಇದ್ದವನು ತನಗೆ 256 ಎಂಬಿ ಇದೆ ಅಂದುಕೊಂಡಿದ್ದ. ಒಂದು ದಿನ ಓಡಿದ ಮೇಲೆ ರ್‍ಯಾಮಿನಲ್ಲಿರುವ ಪುಟಗಳಿಗೇ ಗುಂಡಿಗಳೆಲ್ಲ ಮೀಸಲಾಗಿ, ಹೊಸದಕ್ಕೆ ಜಾಗವೇ ಇಲ್ಲ. ಎರಡನೇ ಬಗೆಯ ತಪ್ಪು, ಖಾಲಿಯನ್ನು ತುಂಬಿದೆ ಅನ್ನುವುದು. ಎರಡು ಪಟ್ಟು ಇಟ್ಟವನಿಗೆ ಮಾತ್ರ ಸ್ವಾಪ್ ನಿಜವಾಗಿ ಉಪಯೋಗ. ಹಾಗಾಗಿ "ಎರಡು ಪಟ್ಟು" ಅನ್ನುವುದು ಸಲಹೆ ಅಲ್ಲ, ಒಂದು ದೋಷಕ್ಕೆ ಹಚ್ಚಿದ ತೇಪೆ.

ಅದೇ ವರ್ಷ ಸೆಪ್ಟೆಂಬರ್ 23ರ 2.4.10ರಲ್ಲಿ ಲಿನಸ್, ಸ್ಥಿರ ಸರಣಿಯ ನಡುವೆಯೇ, ರಿಕ್ ವ್ಯಾನ್ ರೀಲ್ ಅವರ ಮೆಮೊರಿ ವ್ಯವಸ್ಥೆ ತೆಗೆದು ಆಂಡ್ರಿಯಾ ಆರ್ಕಾಂಜೆಲಿ ಬರೆದದ್ದನ್ನು ಹಾಕಿದರು. ದೊಡ್ಡ ಜಗಳವೇ ಆಯಿತು. ಓಡುವ ಬಸ್ಸಿನ ಇಂಜಿನ್ ಬದಲಿಸಿದ ಹಾಗೆ ಅಂತ ಬೈದವರೂ ಇದ್ದರು. ಮುಂದಿನ ಕರ್ನಲ್ಲುಗಳಲ್ಲಿ ಒಂದು ಸಮಾಧಾನದ ನಿಯಮ ನಿಂತಿತು. ಸ್ವಾಪ್ ಅರ್ಧಕ್ಕಿಂತ ಕಡಿಮೆ ತುಂಬಿದ್ದರೆ ಗುಂಡಿ ಇಟ್ಟುಕೋ, ಅರ್ಧ ದಾಟಿದರೆ ಬಿಟ್ಟುಕೊಡು. ನಮ್ಮ ಅಜ್ಜಿಗೆ ಕೇಳಿದ್ದರೆ ಇದನ್ನೇ ಹೇಳುತ್ತಿದ್ದಳು. ದೋಷ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು, ತೇಪೆ ಮಾತ್ರ ವೈವಾದಲ್ಲಿ ಉಳಿದುಕೊಂಡಿದೆ.

ಬೆಂಗಳೂರಿನ ಪಾಲು

ಇಷ್ಟೆಲ್ಲ ಮ್ಯಾಂಚೆಸ್ಟರ್, ಹೆಲ್ಸಿಂಕಿ ಆಯಿತು, ನಮ್ಮವರದೇನು ಅಂತ ನೀವು ಕೇಳಬಹುದು. ನಾನೂ ಹುಡುಕಿದೆ. ಸಿಕ್ಕಿತು.

2000ದ ದಶಕದಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನಲ್ಲಿ ಕರ್ನಲ್ಲಿನ ಒಂದು ಗಟ್ಟಿ ತಂಡ ಇತ್ತು. 2004ರ 2.6.9ರಲ್ಲಿ ಸೇರಿದ ಕೆಪ್ರೋಬ್ಸ್, ಅಂದರೆ ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ ಅದರ ಹೊಟ್ಟೆಯೊಳಗೆ ಇಣುಕಿ ನೋಡುವ ಸಾಧನ, ಬಹುಮಟ್ಟಿಗೆ ಐಬಿಎಂನವರ ಕೆಲಸ. ಅದನ್ನು ನೋಡಿಕೊಳ್ಳುವವರ ಪಟ್ಟಿಯಲ್ಲಿ ಬಹಳ ವರ್ಷ ಅನಂತ್ ಮಾವಿನಕಾಯನಹಳ್ಳಿ ಎಂಬ ಹೆಸರಿತ್ತು. ಜಗತ್ತಿನ ಕರ್ನಲ್ಲಿನ ಪಟ್ಟಿಯಲ್ಲಿ "ಹಳ್ಳಿ" ಎಂದು ಮುಗಿಯುವ ಹೆಸರು! ಮೊದಲ ಸಲ ನೋಡಿದಾಗ ಅಡ್ಡಹೆಸರಿಗೆ ಊರ ಹೆಸರಿಟ್ಟುಕೊಂಡ ನಮ್ಮ ಕಡೆಯವರೆಲ್ಲ ನೆನಪಾದರು.

ಅದೇ ತಂಡದ ಬಲ್ಬೀರ್ ಸಿಂಗ್ ಕೈಗೆತ್ತಿಕೊಂಡದ್ದು ಮೆಮೊರಿ ಪಾಲಿನ ಪ್ರಶ್ನೆ. ಒಂದೇ ಯಂತ್ರದಲ್ಲಿ ಹತ್ತು ಜನರ ಕೆಲಸ ಓಡುತ್ತಿದ್ದರೆ ಒಬ್ಬೊಬ್ಬರಿಗೆ ಇಷ್ಟೇ ಮೆಮೊರಿ ಅಂತ ಗೆರೆ ಎಳೆಯುವುದು ಹೇಗೆ? ಅವರೂ ಪಾವೆಲ್ ಎಮೆಲ್ಯಾನೋವ್ ಅವರೂ ಬರೆದ ಮೆಮೊರಿ ಕಂಟ್ರೋಲರ್ 2008ರ ಏಪ್ರಿಲ್ 17ರ 2.6.25ರಲ್ಲಿ ಸೇರಿತು. ಇವತ್ತು ಡಾಕರ್ ಅದು ಇದು ಅಂತ ಕಂಟೇನರುಗಳಿಗೆ ಮೆಮೊರಿ ಮಿತಿ ಹಾಕುತ್ತೇವಲ್ಲ, ಅದರ ಅಡಿಪಾಯ ಇದೇ.

ಆದರೆ ಅಲ್ಲೂ ಹಗೇವಿನ ತಕರಾರು ಬಂತು. ಕಣಜದಲ್ಲಿ ನಿನಗಿಷ್ಟೇ ಅಂದರೆ ಅವನು ಮಿಕ್ಕಿದ್ದೆಲ್ಲ ಹಗೇವಿಗೆ ತಳ್ಳುತ್ತಾನೆ. ಹಗೇವು ಎಲ್ಲರಿಗೂ ಸೇರಿದ್ದು. ಒಬ್ಬನೇ ತುಂಬಿಸಿದರೆ ಉಳಿದವರ ಗತಿ? ಇನ್ನೊಂದು, ಸ್ವಾಪಿನಿಂದ ಒಂದು ಪುಟ ತರುವಾಗ ಕರ್ನಲ್ ಅಕ್ಕಪಕ್ಕದ ಗುಂಡಿಗಳ ಪುಟಗಳನ್ನೂ ಒಟ್ಟಿಗೆ ಎಂಟರವರೆಗೆ ಎತ್ತಿಕೊಂಡು ಬರುತ್ತದೆ. ಅವು ಬೇರೆಯವರವಾಗಿರಬಹುದು. ಆ ಖರ್ಚು ಯಾರ ಖಾತೆಗೆ? ಗುಂಡಿ ತುಂಬಿದೆಯೋ ಇಲ್ಲವೋ ಅನ್ನುವುದಷ್ಟೇ ಸಾಲದು, ಅದು ಯಾರದ್ದು ಅಂತಲೂ ಬರೆದಿಡಬೇಕು. ಜಪಾನಿನ ಕಾಮೆಜಾವಾ ಹಿರೋಯುಕಿ ಅದನ್ನು ಬರೆದರು. 2009ರ ಮಾರ್ಚಿನ 2.6.29ರಲ್ಲಿ ಬಂತು. ಆಮೇಲಿನ ತಿದ್ದುಪಡಿಯಲ್ಲಿ ಅದು ಪ್ರತಿ ಗುಂಡಿಗೆ ಎರಡು ಬೈಟಿನ ಮಾಲೀಕನ ಚೀಟಿಯಾಯಿತು. 1 ಜಿಬಿ ಸ್ವಾಪಿಗೆ 512 ಕಿಲೋಬೈಟು ಚೀಟಿ. ಯುನಿಕ್ಸ್ ಆರನೇ ಆವೃತ್ತಿಯ ಇಡೀ ಸ್ವಾಪಿಗಿಂತ ಈ ಚೀಟಿಗಳ ಕಟ್ಟೇ ದೊಡ್ಡದು!

ಇನ್ನು ನಿತಿನ್ ಗುಪ್ತಾ. ಡಿಸ್ಕಿಗೆ ಬರೆಯುವ ಬದಲು ಪುಟವನ್ನು ಹಿಂಡಿ ಚಿಕ್ಕದು ಮಾಡಿ ರ್‍ಯಾಮಿನಲ್ಲೇ ಇಟ್ಟರೆ ಹೇಗೆ? ಕಂಪ್‌ಕ್ಯಾಶ್ ಅಂತ ಶುರುವಾಗಿ, ರ್‍ಯಾಮ್‌ಜ್‌ಸ್ವಾಪ್ ಆಗಿ, ಕೊನೆಗೆ ಜಡ್‌ರ್‍ಯಾಮ್ ಅಂತಾದದ್ದು ಅವರ ಕೂಸು. ಅಲ್ಲಿ ಅವರಿಗೆ ಎದುರಾದದ್ದೂ ಲೆಕ್ಕದ ತಪ್ಪೇ. ಗುಂಡಿ ಖಾಲಿಯಾದಾಗ ಕರ್ನಲ್ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿತ್ತೇ ಹೊರತು ಆ ಡಿವೈಸಿಗೆ ಹೇಳುತ್ತಿರಲಿಲ್ಲ. ಡಿಸ್ಕಾದರೆ ಹಳೇ ಕಸ ಅಲ್ಲೇ ಬಿದ್ದಿದ್ದರೂ ಚಿಂತೆಯಿಲ್ಲ. ಇಲ್ಲಿ ಆ ಕಸ ಕೂತಿರುವುದೇ ಬೆಲೆಬಾಳುವ ರ್‍ಯಾಮಿನಲ್ಲಿ! ಈ ಗುಂಡಿ ಖಾಲಿಯಾಯಿತು ಅಂತ ತಕ್ಷಣ ಕೂಗಿ ಹೇಳುವ ಸಣ್ಣ ವ್ಯವಸ್ಥೆಯನ್ನು ಅವರು ಬರೆದರು. 2010ರ 2.6.35ರಲ್ಲಿ ಸೇರಿತು. 2013ರ ಆಂಡ್ರಾಯ್ಡ್ 4.4ರ ಹೊತ್ತಿಗೆ ಕಡಿಮೆ ಮೆಮೊರಿಯ ಫೋನುಗಳಿಗೆ ಈ ಜಡ್‌ರ್‍ಯಾಮೇ ಗತಿಯಾಯಿತು. ಲಕ್ಷ್ಮೇಶ್ವರದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ಕೈಯಲ್ಲಿನ ಅಗ್ಗದ ಫೋನಿನಲ್ಲೂ ಅದೇ ಹಗೇವು.

ಬಳಸಬೇಡಿ

ಮೊದಲ ಬಗೆಯ ತಪ್ಪಿಗೆ, ಅಂದರೆ ಕೇಡಿಗೆ, ದೊಡ್ಡ ಉದಾಹರಣೆ ತೀರ ಇತ್ತೀಚಿನದು. 2021ರ ಫೆಬ್ರವರಿ 28ರಂದು 5.12ರ ಮೊದಲ ಪರೀಕ್ಷಾ ಆವೃತ್ತಿ ಬಂತು. ಒಳಗೆ ಸ್ವಾಪ್ ಕೋಡನ್ನು ಚೊಕ್ಕ ಮಾಡುವ ಒಂದು ಬದಲಾವಣೆ. ಹಳೇ ಸಹಾಯಕ ಫಂಕ್ಷನ್ ಒಂದನ್ನು ತೆಗೆದುಹಾಕಿದ್ದರು. ಸ್ವಾಪಿಗೆ ಪ್ರತ್ಯೇಕ ಪಾರ್ಟಿಶನ್ ಇಟ್ಟವರಿಗೆ ಏನೂ ತೊಂದರೆ ಇಲ್ಲ. ಆದರೆ ಸ್ವಾಪನ್ನು ಒಂದು ಫೈಲಾಗಿ ಇಟ್ಟುಕೊಂಡವರಿಗೆ ಗುಂಡಿಯ ನಂಬರನ್ನು ಫೈಲಿನ ಆರಂಭದಿಂದ ಎಣಿಸುವ ಬದಲು ಡಿಸ್ಕಿನ ಆರಂಭದಿಂದಲೇ ಎಣಿಸಿಬಿಡುತ್ತಿತ್ತು. "ನಮ್ಮ ಹಿತ್ತಲಿನ ಮೂರನೇ ಗುಂಡಿ" ಅನ್ನುವ ಬದಲು "ಊರ ಮೂರನೇ ಗುಂಡಿ" ಅಂದ ಹಾಗೆ. ಅಲ್ಲಿ ಯಾರ ಫೋಟೋ ಇತ್ತೋ, ಯಾರ ಥೀಸಿಸ್ ಇತ್ತೋ, ಅದರ ಮೇಲೆಯೇ ಬರೆಯುತ್ತಿತ್ತು.

ಮಾರ್ಚ್ 3ರಂದು ಲಿನಸ್ ಆ ಆವೃತ್ತಿಯ ಹೆಸರನ್ನೇ ಬದಲಿಸಿ ಕೊನೆಗೆ "ಡೋಂಟ್‌ಯೂಸ್" ಅಂತ ಅಂಟಿಸಿ ಎಲ್ಲರಿಗೂ ಪತ್ರ ಬರೆದರು. ಜೆನ್ಸ್ ಆಕ್ಸ್‌ಬೋ ಬರೆದ ತಿದ್ದುಪಡಿ ಸೇರಿಸಿ ಎರಡನೇ ಆವೃತ್ತಿಯನ್ನು ಭಾನುವಾರದವರೆಗೆ ಕಾಯದೆ ಶುಕ್ರವಾರವೇ ಬಿಟ್ಟರು. ತಿದ್ದುಪಡಿ ಚಿಕ್ಕದೇ. ಪರೀಕ್ಷೆ ಮಾಡಿದವರ ಯಂತ್ರಗಳಲ್ಲಿ ಸ್ವಾಪ್ ಫೈಲ್ ಇರಲಿಲ್ಲ, ಅದಕ್ಕೇ ಕಂಡಿರಲಿಲ್ಲ. ಲಿನಸ್ ಇನ್ನೊಂದು ಮಾತು ಹೇಳಿದ್ದರು. ದೋಷ ತಿದ್ದಿದರೂ ಆ ಆವೃತ್ತಿ ಚರಿತ್ರೆಯಲ್ಲಿ ಉಳಿಯುತ್ತದೆ, ಮುಂದೆ ಯಾರೋ ಬೇರೆ ದೋಷ ಹುಡುಕುತ್ತಾ ಹಿಂದೆ ಹಿಂದೆ ಹೋದರೆ ಅಲ್ಲಿ ಕಾಲಿಟ್ಟು ತಮ್ಮ ಡಿಸ್ಕ್ ಕಳೆದುಕೊಳ್ಳಬಹುದು ಅಂತ. ಹಳೇ ಹಗೇವಿನ ಮೇಲೆ ಕಲ್ಲು ನೆಟ್ಟು ಗುರುತು ಮಾಡುತ್ತಾರಲ್ಲ, ಹಾಗೆ.

ನನ್ನ ಹನ್ನೊಂದು ದಿನ

ಈಗ ನನ್ನ ಕಥೆಗೆ ಬರೋಣ. ಪಿಂಟೋಸ್ ಅನ್ನುವುದು ಸ್ಟ್ಯಾನ್‌ಫರ್ಡಿನಲ್ಲಿ ಬೆನ್ ಫಾಫ್ 2004ರಲ್ಲಿ ಪಾಠಕ್ಕೆಂದು ಬರೆದ ಕರ್ನಲ್. ಅದರ ಮೂರನೇ ಪ್ರಾಜೆಕ್ಟಿನಲ್ಲಿ ಸ್ವಾಪ್ ನಾವೇ ಬರೆಯಬೇಕು. ನಾನು ಬರೆದೆ. ಪರೀಕ್ಷೆಗಳೆಲ್ಲ ಪಾಸು. ಒಂದು ಮಾತ್ರ, ಹಲವು ಪ್ರೊಸೆಸ್ಸುಗಳು ಒಟ್ಟಿಗೆ ಸೇರಿ ಸಂಖ್ಯೆಗಳನ್ನು ವಿಂಗಡಿಸುವ ಪರೀಕ್ಷೆ, ಹತ್ತು ಸಲ ಓಡಿಸಿದರೆ ಒಂಬತ್ತು ಸಲ ಪಾಸು, ಒಂದು ಸಲ ಫೇಲು. ಯಾವಾಗಲೂ ಫೇಲಾದರೆ ಹಿಡಿಯಬಹುದು. ಹತ್ತಕ್ಕೊಂದು ಅಂದರೆ ದೆವ್ವ ಹಿಡಿದ ಹಾಗೆ.

ಆ ದಿನಗಳು ಚೆನ್ನಾಗಿರಲಿಲ್ಲ. ಕಂಪನಿಯಿಂದ ಮೇಲ್ ಇಲ್ಲ. ಅಪ್ಪ ಏನೂ ಕೇಳುತ್ತಿರಲಿಲ್ಲ, ಅದೇ ಹೆಚ್ಚು ಕಷ್ಟ. ಕಾಲೇಜಿಗೆ ಸುರಿದ ದುಡ್ಡು ಮನೆಯವರಿಗೆ ಎಲ್ಲಿಂದ ಬಂದಿತ್ತು ಅಂತ ನನಗೆ ಗೊತ್ತಿತ್ತು. ಈ ಒಂದು ದೋಷ ಹಿಡಿಯಲಾಗದಿದ್ದರೆ ನಾನು ಇಂಜಿನಿಯರೇ ಅಲ್ಲ ಅನ್ನುವ ಹಟ ಹುಟ್ಟಿತು. ಕರೆಂಟು ಇದ್ದಾಗ ಓಡಿಸುವುದು, ಇಲ್ಲದಾಗ ನೋಟ್‌ಬುಕ್ಕಿನಲ್ಲಿ ಗುಂಡಿಗಳ ಚಿತ್ರ ಬರೆಯುವುದು. ಕೊನೆಗೆ ಪ್ರತಿ ಗುಂಡಿ ಕೊಟ್ಟಾಗ, ಬಿಟ್ಟಾಗ ಒಂದೊಂದು ಸಾಲು ಪ್ರಿಂಟ್ ಮಾಡಿಸಿದೆ. ಪ್ರಿಂಟ್ ಹಾಕಿದರೆ ದೋಷ ಮಾಯ! ವೇಗ ಬದಲಾಗುತ್ತದಲ್ಲ. ಪ್ರಿಂಟ್ ಬದಲು ಮೆಮೊರಿಯಲ್ಲೇ ಬರೆದಿಟ್ಟು ಆಮೇಲೆ ಓದಿದೆ. ಹನ್ನೊಂದನೇ ದಿನ ಸಿಕ್ಕಿತು. ಗುಂಡಿ 41, ಎರಡು ಪ್ರೊಸೆಸ್ಸುಗಳಿಗೆ, ಹಿಂದೆ ಹಿಂದೆಯೇ.

ಪಿಂಟೋಸಿನಲ್ಲಿ ಬಿಟ್ಟುಗಳ ಸಾಲಿನಲ್ಲಿ ಖಾಲಿ ಹುಡುಕಿ ತಕ್ಷಣ ತಿರುಗಿಸುವ ರೆಡಿಮೇಡ್ ಫಂಕ್ಷನ್ ಇದೆ. ಹೆಸರು ನೋಡಿ ಹುಡುಕುವುದೂ ತಿರುಗಿಸುವುದೂ ಒಂದೇ ಏಟಿಗೆ ಆಗುತ್ತದೆ ಅಂದುಕೊಂಡಿದ್ದೆ. ಅದರ ತಲೆಯ ಮೇಲಿನ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿದ್ದಾರೆ, ಬಿಟ್ ಹಾಕುವುದು ಅವಿಭಾಜ್ಯ, ಆದರೆ ನೋಡುವುದಕ್ಕೂ ಹಾಕುವುದಕ್ಕೂ ನಡುವೆ ಬೇರೆಯವರು ನುಗ್ಗಬಹುದು ಅಂತ. ನಾನು ಓದಿರಲಿಲ್ಲ. ಅಷ್ಟೇ. ಪರಿಹಾರ ಮೂರು ಸಾಲು: ಒಂದು ಲಾಕ್ ಮಾಡು, ಹಿಡಿ, ಬಿಡು. ಆಮೇಲೆ ಸಾವಿರ ಸಲ ಓಡಿಸಿದೆ. ಒಂದೂ ಫೇಲಿಲ್ಲ.

ಆ ಸಂಜೆ ಖುಷಿಯಲ್ಲಿ ಅಜ್ಜಿಗೆ ಹೇಳಲು ಕೂತೆ. ಪ್ರೊಸೆಸ್ಸು ಗಿಸೆಸ್ಸು ಅಂದರೆ ಅವಳಿಗೇನು ಗೊತ್ತು? ಹಗೇವು ಅಂತ ಹೇಳಿದೆ. ಇಬ್ಬರು ಗೋಡೆ ನೋಡಿದರು, ಇಬ್ಬರಿಗೂ ಅದೇ ಗುಂಡಿ ಖಾಲಿ ಕಂಡಿತು, ಇಬ್ಬರೂ ಸುರಿದರು. ಅಜ್ಜಿ ಎಲೆ ಮಡಚುವುದನ್ನು ನಿಲ್ಲಿಸಿದಳು.

"ಅದು ನಮ್ಮ ಮನ್ಯಾಗ ಆಗೇತಲ್ಲೋ."

ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದರಂತೆ. ಹಗೇವುಗಳು ಮಾತ್ರ ಕೂಡಿಯೇ ಇದ್ದವು. ಯಾವುದು ತುಂಬಿದೆ ಅಂತ ಪಡಸಾಲೆ ಗೋಡೆಗೆ ಸುಣ್ಣದ ಗೆರೆ. ಒಂದು ಸುಗ್ಗಿಯಲ್ಲಿ ಒಂದೇ ದಿನ ಇಬ್ಬರೂ ಗೋಡೆ ನೋಡಿದರು. ದೊಡ್ಡವರ ಆಳುಗಳು ಬೆಳಗ್ಗೆ ಒಣ ಜೋಳ ಅರ್ಧ ಸುರಿದು ಮತ್ತೊಂದು ಬಂಡಿ ತರಲು ಹೋದರು. ಗೆರೆ ತುಂಬಿದ ಮೇಲೆ ಎಳೆದರಾಯಿತು ಅಂದುಕೊಂಡರು. ಹೊತ್ತು ಮುಳುಗುವಾಗ ಸಣ್ಣವರ ಆಳುಗಳು ಸರಿಯಾಗಿ ಒಣಗದ ಜೋಳ ತಂದು ಅದರ ಮೇಲೇ ಸುರಿದರು. ಕತ್ತಲು, ಕೆಟ್ಟ ಗಾಳಿ, ಯಾರೂ ಇಳಿದು ನೋಡಲಿಲ್ಲ. ಮಳೆಗಾಲದಲ್ಲಿ ತೆಗೆದಾಗ ಮುಗ್ಗುವಾಸನೆ. ಎರಡೂ ಹಾಳು. ಆ ವರ್ಷ ಇಬ್ಬರೂ ಕೊಂಡು ತಿಂದರಂತೆ. ಮಾತು ನಿಂತಿದ್ದು ಮಾತ್ರ ಬಹಳ ವರ್ಷ.

"ಆಮ್ಯಾಲೆ ಏನ್ ಮಾಡಿದ್ರಿ?"

"ಏನ್ ಮಾಡೂದು. ಇಳಿಯೋ ಹಗ್ಗ ಒಂದ ಇಟ್ಟರು. ಹಗ್ಗ ಯಾರ ಕೈಯಾಗ ಇರತೈತಿ ಅವನ ಗೋಡಿ ನೋಡಬೇಕು, ಅವನ ಗೆರಿ ಹೊಡಿಬೇಕು. ಗೆರಿ ಮೊದಲ, ಜ್ವಾಳ ಆಮ್ಯಾಲೆ."

ನಾನು ಲ್ಯಾಪ್‌ಟಾಪ್ ನೋಡಿದೆ. ಮೂರು ಸಾಲು.

ಅಜ್ಜಿಯ ಮಾತಿನಿಂದ ದೋಷ ಸಿಕ್ಕಿತು ಅಂತ ಸುಳ್ಳು ಹೇಳುವುದಿಲ್ಲ, ಆಗಲೇ ಸಿಕ್ಕಿತ್ತು. ಆದರೆ ಆವತ್ತಿನವರೆಗೆ ಇದು ಅಮೆರಿಕದವರ ವಿದ್ಯೆ, ನಾನು ಹೊರಗಿನಿಂದ ಇಣುಕುತ್ತಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಹಾಗನ್ನಿಸಲಿಲ್ಲ. ಆರು ತಿಂಗಳ ನಂತರ ಬೇರೆ ಒಂದು ಕಂಪನಿಯ ಸಂದರ್ಶನದಲ್ಲಿ "ನೀನು ಬಿಡಿಸಿದ ಕಷ್ಟದ ದೋಷ ಯಾವುದು" ಅಂತ ಕೇಳಿದಾಗ ಗುಂಡಿ 41ರ ಕಥೆ ಹೇಳಿದೆ. ಹಗ್ಗದ ಕಥೆಯನ್ನೂ ಸೇರಿಸಿಯೇ ಹೇಳಿದೆ. ಕೆಲಸ ಸಿಕ್ಕಿತು.

ಕರ್ನಲ್ಲಿನಲ್ಲಿ ಈ ಕೆಲಸ ಇನ್ನೂ ಮುಗಿದಿಲ್ಲ. 2024ರ 6.12ರಲ್ಲಿ ಕ್ರಿಸ್ ಲಿ ಮತ್ತು ಕೈರುಯಿ ಸಾಂಗ್ ಗುಂಡಿ ಹಂಚುವ ಭಾಗವನ್ನು ಗುಂಪು ಗುಂಪಾಗಿ ಲೆಕ್ಕ ಇಡುವಂತೆ ಹೊಸದಾಗಿ ಬರೆದರು. ಮುಂದೆಯೂ ಯಾರಾದರೂ ಬರೆಯುತ್ತಾರೆ, ತಪ್ಪು ಮಾಡುತ್ತಾರೆ, ತಿದ್ದುತ್ತಾರೆ. ಯಾಕೆಂದರೆ ಜೋಳ ಇಡುವುದು ಸುಲಭ, ಗೆರೆಗೂ ಗುಂಡಿಗೂ ತಾಳೆ ಇರುವಂತೆ ನೋಡಿಕೊಳ್ಳುವುದೇ ಕಷ್ಟ.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಹೋದ ವರ್ಷ ಪಡಸಾಲೆಗೆ ಟೈಲ್ಸ್ ಹಾಕಿಸಿ ಗೋಡೆಗೆ ಬಣ್ಣ ಹೊಡೆಸಿದರು. ಸುಣ್ಣದ ಗೆರೆಗಳು ಹೋದವು. ಹಗೇವುಗಳನ್ನು ಮಣ್ಣು ತುಂಬಿ ಮುಚ್ಚಿ ಬಹಳ ಕಾಲವಾಗಿದೆ, ಎಷ್ಟಿದ್ದವು ಎಲ್ಲೆಲ್ಲಿದ್ದವು ಅಂತ ಅಪ್ಪನಿಗೂ ಖಾತ್ರಿಯಿಲ್ಲ. ಅದಕ್ಕೇ ನೆನಪಿರುವಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ. ಗೆರೆ ಮೊದಲು, ಜೋಳ ಆಮೇಲೆ.

ನಿಮ್ಮ ಕಡೆ ಹಗೇವಿಗೆ ಏನನ್ನುತ್ತಾರೆ? ಅದರ ಲೆಕ್ಕ ಹೇಗಿಡುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ, ನಾಳೆಗೆ ಇಡಬೇಡಿ. ಕರ್ನಲ್ಲಿನಲ್ಲಿ ಕೆಲಸ ಮಾಡಿದ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಗುಂಡಿ 41ರ ಕಥೆಯನ್ನೂ ಕನ್ನಡದಲ್ಲಿ ಬರೆಯಿರಿ. ತಪ್ಪಿದ್ದರೆ ತಿದ್ದಿ, ತಿದ್ದಿಸಿಕೊಳ್ಳುವುದಕ್ಕೆ ನಾಚಿಕೆಯಿಲ್ಲ.